ರಸಮಂಜರಿಯ ಬೇಸ್ ಗಿಟಾರ್, ಮೈಸೂರಿನ ಹಳೆಯ ಡಬಲ್ ಬೇಸ್

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ವಯಸ್ಸು 36. 9 ವರ್ಷಗಳಿಂದ ರಜೆಯ ದಿನಗಳಲ್ಲಿ ರಸಮಂಜರಿ ತಂಡವೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಗಣೇಶನ ಹಬ್ಬದಿಂದ ಹಿಡಿದು ಜಾತ್ರೆಗಳವರೆಗೆ ವರ್ಷಕ್ಕೆ ಸುಮಾರು 40 ಕಾರ್ಯಕ್ರಮಗಳಾಗುತ್ತವೆ. ಈಚೆಗೆ ಎಡಗೈ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗಿದ್ದು, ಎರಡು ಗಂಟೆ ನುಡಿಸುವಷ್ಟರಲ್ಲಿ ಹಿಡಿತವೇ ಸಡಿಲವಾಗುತ್ತದೆ. ಹಳ್ಳಿಯ ವೇದಿಕೆಗಳಲ್ಲಿ ಆಂಪ್‌ನಿಂದ (ಆಂಪ್ಲಿಫೈಯರ್) ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ. ಕಳೆದ ಬಾರಿ ಕೋರಸ್ ಹಾಡಲು ಮೈಕಿಗೆ ಬಾಯಿ ಕೊಟ್ಟಾಗ ತುಟಿಗೆ ಚುರ್ರೆಂದಿತು. ಸೌಂಡ್‌ನವರು ಆಂಪ್‌ನ ಅರ್ತ್ ಪಿನ್ ಕಿತ್ತು ಗುಂಯ್ ಸದ್ದನ್ನು ನಿಲ್ಲಿಸಿದ್ದರು. ಈ ನಡುವೆ ಮೈಸೂರಿನ ಮನೆಯೊಂದರಲ್ಲಿ ಹಳೆಯ ಡಬಲ್ ಬೇಸ್ (ಪಿಟೀಲಿನಂತೆ ಕಾಣುವ, ನಿಲ್ಲಿಸಿ ನುಡಿಸುವ ಆಳೆತ್ತರದ ವಾದ್ಯ) ಒಂದು 60,000 ರೂಪಾಯಿಗೆ ಮಾರಾಟಕ್ಕಿದೆ. ಅರಮನೆಯ ವಾದ್ಯವೃಂದದ್ದು ಎನ್ನುತ್ತಾರೆ. ತಂತಿಗಳು ಬಹಳ ಎತ್ತರದಲ್ಲಿವೆ, ಹಿಂಬದಿಯ ಅಂಚು ಒಂದು ಗೇಣಿನಷ್ಟು ಬಿಟ್ಟಿದೆ. ತಂತಿ, ಶ್ರುತಿ ಎರಡೂ ಅವೇ ಆದ್ದರಿಂದ ತಿಂಗಳಲ್ಲಿ ಕೈಗೆ ಬರುತ್ತದೆ, ನೇರ ನಿಂತು ನುಡಿಸುವುದರಿಂದ ಕೈನೋವೂ ಹೋಗುತ್ತದೆ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ನಮ್ಮ ಬಿಸಿಲಿಗೆ ಅದು ಒಡೆದು ಸೌದೆಯಾಗುತ್ತದೆ ಎಂದು ಇನ್ನೊಬ್ಬ. ಕೊಳ್ಳಬಹುದೇ?

ಉತ್ತರ: ನೀವು ಕೇಳಿರುವುದು ಒಂದು ವಾದ್ಯವನ್ನು ಕೊಳ್ಳುವ ವಿಚಾರ. ಆದರೆ ಪತ್ರ ಓದುವಾಗ ನಾನು ನಿಂತುಬಿಟ್ಟದ್ದು ನೀವು ನಡುವೆ ಹೇಳಿ ಮುಂದೆ ಹೋಗಿರುವ ಮಾತಿನಲ್ಲಿ, ಅಂದರೆ ತುಟಿಗೆ ತಗುಲಿದ ವಿದ್ಯುತ್ತು ಮತ್ತು ಕಿತ್ತುಹಾಕಿದ ಅರ್ತ್ ಪಿನ್‌ನಲ್ಲಿ. ಡಬಲ್ ಬೇಸ್ ಇನ್ನೊಂದು ವರ್ಷ ಆ ಮನೆಯ ಮೂಲೆಯಲ್ಲಿಯೇ ನಿಂತಿರಬಹುದು, ಇದು ಮುಂದಿನ ಕಾರ್ಯಕ್ರಮದವರೆಗೂ ಕಾಯಬಾರದು.

ಬೇಸ್ ಗಿಟಾರಿನ ತಂತಿಗಳು ಕುದುರೆಯ (ತಂತಿಗಳನ್ನು ಮೈಯ ಮೇಲೆ ಎತ್ತಿ ಹಿಡಿಯುವ ತುಂಡು) ಅಡಿಯಿಂದ ಹೊರಡುವ ಒಂದು ಸಣ್ಣ ವೈರಿನ ಮೂಲಕ ಜ್ಯಾಕ್‌ಗೂ, ಅಲ್ಲಿಂದ ಕೇಬಲ್ಲಿನ ಹೊರಗವಚದ ಮೂಲಕ ಆಂಪ್‌ನ ಲೋಹದ ಚೌಕಟ್ಟಿಗೂ ಸೇರಿರುತ್ತವೆ. ಆ ಚೌಕಟ್ಟನ್ನು ನೆಲಕ್ಕೆ ಸೇರಿಸುವ, ನಂಬಬಹುದಾದ ಏಕೈಕ ದಾರಿ ಸೌಂಡ್‌ನವರು ಕಿತ್ತ ಆ ಪಿನ್. ಅದಿಲ್ಲದಿರುವಾಗ ಆಂಪ್‌ನೊಳಗೆ ಒಂದು ವೈರಿನ ಹೊದಿಕೆ ಸುಲಿದು ಚೌಕಟ್ಟಿಗೆ ತಾಗಿದರೆ, 230 ವೋಲ್ಟ್ ನಿಮ್ಮ ತಂತಿಗಳ ಮೇಲೆ ಬಂದು ಕೂರುತ್ತದೆ. ಮಿಕ್ಸರಿನ ಮೂಲಕ ನೆಲಕ್ಕೆ ಸೇರಿರುವ ಮೈಕಿನ ಜಾಲರಿಗೆ ನಿಮ್ಮ ತುಟಿ ತಾಗಿದ ಕ್ಷಣ ಆ ವಿದ್ಯುತ್ತು ಕೈಯಿಂದ ಎದೆಯ ಮೂಲಕ ಹಾದು ತುಟಿಯಿಂದ ಹೊರಗೆ ಹೋಗುತ್ತದೆ. ನಿಮಗೆ ಆಗಿರುವುದು ಇಷ್ಟು ಘೋರವಾದದ್ದು ಅಲ್ಲದೆ, ಇಂದಿನ ವಿದ್ಯುತ್ ಸರಬರಾಜು ಘಟಕಗಳಲ್ಲಿರುವ ಕೆಪಾಸಿಟರ್‌ಗಳ ಅತ್ಯಲ್ಪ ಸೋರಿಕೆಯೂ ಇರಬಹುದು. ಆದರೆ ಎರಡೂ ಮೊದಲಿಗೆ ಚುರ್ರೆಂದೇ ಅನಿಸುವುದರಿಂದ ತುಟಿಯನ್ನು ಪರೀಕ್ಷಾ ಸಾಧನವಾಗಿ ಬಳಸುವಂತಿಲ್ಲ. ಇಪ್ಪತ್ತರ ಹರೆಯದಲ್ಲಿ ನನ್ನ ಮೊದಲ ಆಂಪ್‌ನ ಪಿನ್ನನ್ನು ನಾನೇ ಇಕ್ಕಳದಿಂದ ಕಿತ್ತವನು. ನಾಗಮಂಗಲದ ಕಡೆಯ ಒಂದು ಜಾತ್ರೆಯಲ್ಲಿ, ಮಳೆ ಬಂದು ನಿಂತ ಮೇಲೆ, ಮೈಕ್ ಸ್ಟ್ಯಾಂಡ್ ಹಿಡಿದ ನಾನು ಅದನ್ನು ಬಿಡಲಾಗದೆ ಸ್ಟ್ಯಾಂಡ್ ಸಮೇತ ಬಿದ್ದೆ. ಬಿದ್ದ ಭರಕ್ಕೆ ಕೇಬಲ್ ಕಿತ್ತುಬಂದದ್ದರಿಂದ ಬದುಕಿದೆ. ಅಂದಿನಿಂದ ನನ್ನ ಚೀಲದಲ್ಲಿ ಶ್ರುತಿಯಂತ್ರ ಇಲ್ಲದಿದ್ದರೂ ಮಲ್ಟಿಮೀಟರ್ ಇರುತ್ತದೆ.

ನೀವು ಮಾಡಬೇಕಾದದ್ದು ಕಷ್ಟದ್ದಲ್ಲ. ಪಿನ್ನನ್ನು ಮೊದಲು ಹಾಕಿಸಿ. ವೇದಿಕೆಯಲ್ಲಿ ಎಲ್ಲವೂ ಚಾಲೂ ಆದ ಮೇಲೆ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಮೊನೆಯನ್ನು ತಂತಿಗೂ ಇನ್ನೊಂದನ್ನು ಮೈಕಿನ ಜಾಲರಿಗೂ ತಾಗಿಸಿ ನೋಡಿ; ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಕಾರಣ ಸಿಗುವವರೆಗೆ ವಾದ್ಯ ಮುಟ್ಟಬೇಡಿ. ಸಾಮಾನ್ಯವಾಗಿ ಕಾರಣ ಮೂರರಲ್ಲಿ ಒಂದಾಗಿರುತ್ತದೆ: ಜನರೇಟರಿಗೆ ಅರ್ತ್ ಕೊಟ್ಟಿರುವುದಿಲ್ಲ, ವೇದಿಕೆಯ ಎಕ್ಸ್‌ಟೆನ್ಷನ್ ಬೋರ್ಡ್ ಎರಡೇ ವೈರಿನದ್ದಾಗಿರುತ್ತದೆ, ಅಥವಾ ವಾದ್ಯಗಳಿಗೆ ಒಂದು ಕಡೆಯಿಂದ, ಸೌಂಡ್‌ಗೆ ಇನ್ನೊಂದು ಕಡೆಯಿಂದ ಕರೆಂಟು ಎಳೆದಿರುತ್ತಾರೆ. ಮೂರು ಫೇಸಿನ ಜನರೇಟರಿನಲ್ಲಿ ಈ ಎರಡು ಕಡೆಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಅವುಗಳ ನಡುವೆ 400 ವೋಲ್ಟ್ ಇರುತ್ತದೆ ಎಂಬುದನ್ನು ನೆನಪಿಡಿ. ಆಂಪ್, ಕೀಬೋರ್ಡ್, ಮಿಕ್ಸರ್ ಮೂರಕ್ಕೂ ಒಂದೇ ಕಡೆಯಿಂದ, ಒಂದೇ ಅರ್ತ್‌ನೊಂದಿಗೆ ಕರೆಂಟು ಬೇಕೆಂದು ಮುಂಗಡ ಪಡೆಯುವಾಗಲೇ ಹೇಳಿಬಿಡಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿದ ಬೋರ್ಡನ್ನು ತಂಡದ ಖರ್ಚಿನಲ್ಲಿ ಮಾಡಿಸಿಕೊಳ್ಳುವುದು ಒಳ್ಳೆಯದು, ಆದರೆ ಜನರೇಟರಿನ ನ್ಯೂಟ್ರಲ್ ನೆಲಕ್ಕೆ ಸೇರಿರದಿದ್ದರೆ ಅದೂ ಕೈಕೊಡಬಹುದು. ಹಾಗಾಗಿ ಮಲ್ಟಿಮೀಟರಿನ ಕೆಲಸ ತಪ್ಪುವುದಿಲ್ಲ.

ಇನ್ನು ಗುಂಯ್ ಸದ್ದು. ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ನಿಮ್ಮ ದಪ್ಪ ತಂತಿಯ ಮೂರನೆಯ ಫ್ರೆಟ್‌ನ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸ್ವರ 49 ಹರ್ಟ್ಸ್. ಅಂದರೆ ಆ ಸ್ವರವನ್ನು ಒಂದಿಷ್ಟು ಏರಿಸಿ ಯಾರೋ ಎಡೆಬಿಡದೆ ಹಿಡಿದಂತೆ ಕೇಳಿಸಿದರೆ ಅದು ಅರ್ತ್‌ನ ತೊಂದರೆ. ಅದಕ್ಕಿಂತ ಒಂದು ಸ್ಥಾಯಿ ಮೇಲೆ, ಚುಚ್ಚುವಂತೆ ಜುಯ್‌ಗುಟ್ಟಿದರೆ ಅದು ಬಹುಮಟ್ಟಿಗೆ ಬಣ್ಣದ ದೀಪಗಳ ಡಿಮ್ಮರ್ ನಿಮ್ಮ ಪಿಕಪ್‌ಗೆ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೊಡುತ್ತಿರುವ ಕಾಟ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ತಂದಾಗ ಸದ್ದು ನಿಂತರೆ ತೊಂದರೆ ಗಿಟಾರಿನ ಕಡೆಯದು: ನಿಂತ ದಿಕ್ಕನ್ನು ಬದಲಿಸಿ ನೋಡಿ, ಒಳಗಿನ ಗುಳಿಗೆ ತಾಮ್ರದ ಹಾಳೆ ಹಾಕಿಸಿ. ನಿಲ್ಲದಿದ್ದರೆ ತೊಂದರೆ ಆಂಪ್ ಮತ್ತು ಮಿಕ್ಸರ್ ಎರಡು ದಾರಿಗಳಲ್ಲಿ ನೆಲ ಸೇರಿ ಉಂಟಾದ ಸುತ್ತಿನದು. ಅದಕ್ಕೆಂದೇ ವಾದ್ಯವನ್ನು ಮಿಕ್ಸರಿಗೆ ಸೇರಿಸುವ ಡಿಐ ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ ಎಂಬ ಗುಂಡಿ ಇರುತ್ತದೆ. ಅದು ಸಂಕೇತದ ಕೇಬಲ್ಲಿನ ಅರ್ತನ್ನು ಮಾತ್ರ ಬಿಡಿಸುತ್ತದೆ, ನಿಮ್ಮನ್ನು ಕಾಯುವ ಅರ್ತನ್ನು ಮುಟ್ಟುವುದಿಲ್ಲ.

ಕೈನೋವಿಗೆ ಬರುತ್ತೇನೆ. ರಸಮಂಜರಿ ತಂಡಗಳ ಬೇಸ್ ವಾದಕರ ಕೈಗಳನ್ನು ನೋಡುತ್ತ ಬಂದಿರುವ ನನಗೆ ಅನ್ನಿಸುವುದೆಂದರೆ, ಹೆಬ್ಬೆರಳಿನ ಈ ನೋವು ಹೆಚ್ಚಿನ ಸಲ ಕಿವಿಯಿಂದ ಆರಂಭವಾಗುತ್ತದೆ. ಆಂಪ್ ನೆಲದ ಮೇಲಿರುತ್ತದೆ, ನೀವು ಅದಕ್ಕೆ ಬೆನ್ನು ಹಾಕಿ ಒಂದು ಮೊಳದ ಅಂತರದಲ್ಲಿ ನಿಂತಿರುತ್ತೀರಿ, ಅದರ ಸ್ಪಷ್ಟ ಸದ್ದೆಲ್ಲ ನಿಮ್ಮ ಮೊಣಕಾಲಿಗೆ ಬಡಿದು ಮುಂದಿನ ಸಾಲಿನವರಿಗೆ ಹೋಗುತ್ತದೆ. ನಿಮಗೆ ಕೇಳಿಸದಿರುವುದರಿಂದ ಬಲಗೈ ಜೋರಾಗಿ ಮೀಟುತ್ತದೆ, ಬಲಗೈ ಜೋರಾದಂತೆ ಎಡಗೈ ತಾನೂ ಬಿಗಿಯಾಗಿ ಒತ್ತುತ್ತದೆ. ಬೇಸ್‌ನ ಅಲೆ 8 ಮೀಟರ್ ಉದ್ದವಿರುವುದರಿಂದ ಅಷ್ಟು ದೂರ ಹೋಗದೆ ಅದು ಕೇಳಿಸುವುದೇ ಇಲ್ಲ ಎಂಬ ಮಾತನ್ನು ನೀವೂ ಕೇಳಿರಬಹುದು. ಅದು ನಿಜವಾಗಿದ್ದರೆ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಬೇಸ್ ಕೇಳಲೇಬಾರದಿತ್ತು. ನಿಮ್ಮ ಕಿವಿ ತಪ್ಪಿಸಿಕೊಳ್ಳುತ್ತಿರುವುದು 700ರಿಂದ 1,000 ಹರ್ಟ್ಸ್ ಸುತ್ತಲಿನ, ಬೆರಳು ತಂತಿಯನ್ನು ಬಿಡುವ ಸದ್ದನ್ನು. ಆ ಸದ್ದು ಸ್ಪೀಕರಿನ ಎದುರಿಗೆ ಮಾತ್ರ ನೇರವಾಗಿ ಹೋಗುತ್ತದೆ. ಆಂಪನ್ನು ಒಂದು ಗಟ್ಟಿ ಕುರ್ಚಿಯ ಮೇಲಿಟ್ಟು ಅಥವಾ ಹಿಂದಕ್ಕೆ ವಾಲಿಸಿ ನಿಮ್ಮ ಕಿವಿಯ ಕಡೆಗೆ ತಿರುಗಿಸಿ, ಬೇಸ್ ಗುಂಡಿಯನ್ನು ಕೊಂಚ ಇಳಿಸಿ ಮಿಡ್ ಗುಂಡಿಯನ್ನು ಏರಿಸಿ ನೋಡಿ.

ಎರಡನೆಯದು ತಂತಿಯ ಎತ್ತರ. 12ನೆಯ ಫ್ರೆಟ್‌ನ ಮೇಲೆ ತಂತಿಯ ಅಡಿಗೆ 2ರಿಂದ 2.5 ಮಿಲಿಮೀಟರ್ ಸಾಕು. 4 ಮಿಲಿಮೀಟರ್ ಇರುವ ಗಿಟಾರ್‌ಗಳು ನನ್ನ ಬಳಿಗೆ ಬರುತ್ತಲೇ ಇರುತ್ತವೆ, ಅವುಗಳ ಒಡೆಯರು ತಮ್ಮ ಬೆರಳಿಗೆ ಶಕ್ತಿ ಸಾಲದೆಂದು ಸ್ಪಂಜಿನ ಚೆಂಡು ಹಿಸುಕುತ್ತಿರುತ್ತಾರೆ. ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ತಂತಿಯನ್ನು ಒತ್ತಿ ಹಿಡಿದಾಗ ನಡುವೆ, 7ನೆಯ ಫ್ರೆಟ್‌ನ ಬಳಿ, ಒಂದು ವಿಸಿಟಿಂಗ್ ಕಾರ್ಡಿನಷ್ಟು ಸಂದು ಇರಬೇಕು. ಹೆಚ್ಚಿದ್ದರೆ ಕತ್ತಿನೊಳಗಿನ ಟ್ರಸ್ ರಾಡ್ ಎಂಬ ಸರಳನ್ನು ಕಾಲು ಸುತ್ತು ಬಿಗಿಮಾಡಿ, ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ಮೂರನೆಯದು ಬೆರಳು ಇಡುವ ಕ್ರಮ. ಬೇಸ್ ಗಿಟಾರಿನ ತಂತಿಯ ನುಡಿಯುವ ಉದ್ದ 86 ಸೆಂಟಿಮೀಟರ್. ಮೊದಲ ಫ್ರೆಟ್‌ನಿಂದ ನಾಲ್ಕನೆಯ ಫ್ರೆಟ್‌ವರೆಗೆ ಫ್ರೆಟ್ಟಿಗೊಂದು ಬೆರಳಿಟ್ಟರೆ ನಿಮ್ಮ ಅಂಗೈ ಸುಮಾರು 13 ಸೆಂಟಿಮೀಟರ್ ಚಾಚಬೇಕಾಗುತ್ತದೆ. ತೋರುಬೆರಳು, ನಡುಬೆರಳು, ಕಿರುಬೆರಳು ಎಂದು ಮೂರೇ ಫ್ರೆಟ್‌ಗಳಿಗೆ ಕೈಯಿಟ್ಟು, ಬೇಕಾದಾಗ ಇಡೀ ಕೈಯನ್ನು ಜರುಗಿಸಿದರೆ ಚಾಚು 9 ಸೆಂಟಿಮೀಟರಿಗೆ ಇಳಿಯುತ್ತದೆ. ಇದು ಡಬಲ್ ಬೇಸ್‌ನವರ ಕ್ರಮ, ಫ್ರಾಂಟ್ಸ್ ಸಿಮಾಂಡ್ಲ್ ಎಂಬ ವಾದಕ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಪಡಿಸಿದ ಪದ್ಧತಿ. ನಿಮ್ಮ ಗೆಳೆಯ ಹೇಳುವ ಲಾಭ ಬೇಕಿದ್ದರೆ 60,000 ರೂಪಾಯಿ ಕೊಡದೆಯೇ ಅದನ್ನು ಇಲ್ಲಿಂದ ಎರವಲು ಪಡೆಯಬಹುದು. ಇವೆಲ್ಲ ಮಾಡಿ ಎರಡು ಮೂರು ವಾರಗಳಲ್ಲಿ ನೋವು ತಗ್ಗದಿದ್ದರೆ, ಇಲ್ಲವೇ ರಾತ್ರಿ ಹೊತ್ತು ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದರೆ, ಮೂಳೆತಜ್ಞರನ್ನು ಕಾಣಿರಿ, ಅಷ್ಟರವರೆಗೆ ಮಾತ್ರೆ ನುಂಗಿ ಕಾರ್ಯಕ್ರಮ ನಡೆಸಬೇಡಿ.

ಈಗ ಮೈಸೂರಿನ ಆ ವಾದ್ಯ. ಗೆಳೆಯನ ಮಾತಿನಲ್ಲಿ ಅರ್ಧ ಸತ್ಯವಿದೆ. ನಾಲ್ಕು ತಂತಿಗಳ ಶ್ರುತಿ ಎರಡರಲ್ಲಿಯೂ ಒಂದೇ, ದಪ್ಪ ತಂತಿ 41 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಆದರೆ ಮುಕ್ಕಾಲು ಅಳತೆ ಎಂದು ಕರೆಯುವ, ಎಲ್ಲೆಡೆ ಬಳಕೆಯಲ್ಲಿರುವ ಡಬಲ್ ಬೇಸ್‌ನಲ್ಲಿ ತಂತಿಯ ಉದ್ದ 105 ಸೆಂಟಿಮೀಟರಿನ ಆಸುಪಾಸು, ಫ್ರೆಟ್ ಇಲ್ಲ, ಬೇಸ್ ಗಿಟಾರಿನ ತಂತಿಗಳ ಒಟ್ಟು ಎಳೆತ 70–80 ಕೆ.ಜಿ.ಯಾದರೆ ಉಕ್ಕಿನ ತಂತಿ ಕಟ್ಟಿದ ಡಬಲ್ ಬೇಸ್‌ನಲ್ಲಿ ಅದು 100 ಕೆ.ಜಿ. ದಾಟುತ್ತದೆ. ದಿನಕ್ಕೊಂದು ಗಂಟೆ ಕಮಾನು ಹಿಡಿದು, ತಂಬೂರಿಯ ಶ್ರುತಿಗೆ ಹೊಂದಿಸಿಕೊಂಡು ಅಭ್ಯಾಸ ಮಾಡಿದರೂ ಕೆಳಗಿನ ಸ್ಥಾನಗಳಲ್ಲಿ ಸ್ವರ ನಿಲ್ಲಲು ನನ್ನ ಶಿಷ್ಯರಿಗೆ ಆರು ತಿಂಗಳಿಂದ ಒಂದು ವರ್ಷ ಹಿಡಿದಿದೆ. ಇಂದಿನ ನಿಮ್ಮ ಕೈಯಲ್ಲಿ, ಎತ್ತರದ ತಂತಿಯ ಆ ವಾದ್ಯವನ್ನು ಹಾಗೆಯೇ ನುಡಿಸಲು ಹೊರಟರೆ ನೋವು ಖಂಡಿತ ಹೆಚ್ಚುತ್ತದೆ. ಕೈನೋವಿಗೆ ಮದ್ದು ಎಂಬ ಕಾರಣಕ್ಕೆ ಅದನ್ನು ಕೊಳ್ಳಬೇಡಿ. ಅದರ ನಾದ ಬೇಕೆಂದು ಅನ್ನಿಸಿದ್ದರೆ ಮಾತ್ರ ಮುಂದೆ ಓದಿ.

ಇನ್ನೊಬ್ಬ ಗೆಳೆಯ ಹೇಳುವ ಬಿಸಿಲಿನ ಭಯವೂ ಅರ್ಧದಷ್ಟೇ ನಿಜ. ಚಳಿದೇಶಗಳಲ್ಲಿ ಈ ವಾದ್ಯ ಬಿರುಕು ಬಿಡುವುದು ಹೆಚ್ಚಾಗಿ ಚಳಿಗಾಲದಲ್ಲಿ, ಮನೆಯೊಳಗಿನ ಹೀಟರ್ ಗಾಳಿಯ ತೇವವನ್ನೆಲ್ಲ ಒಣಗಿಸುವುದರಿಂದ. ಆ ಕಾಟ ನಮಗಿಲ್ಲ. ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಹಿಗ್ಗದೆ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಣಗಿದ್ದು ಮುಂಗಾರಿನಲ್ಲಿ ಊದುವುದು ನಿಧಾನವಾಗಿ ಆದರೆ ವಾದ್ಯ ತಾಳಿಕೊಳ್ಳುತ್ತದೆ. ತಾಳದಿರುವುದು ಹಠಾತ್ ಬದಲಾವಣೆಯನ್ನು: ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಕಾರು, ಎಸಿ ಹಾಕಿದ ಕಲ್ಯಾಣ ಮಂಟಪದಿಂದ ನೇರವಾಗಿ ಹೊರಗಿನ ಬಯಲು. ಬಿಸಿಲಿಗಿಂತ ನಾನು ಹೆದರುವುದು ಮರ ಕೊರೆಯುವ ಹುಳುವಿಗೆ. ವಾದ್ಯದ ಅಡಿಯಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ.

ಅಂಚು ಒಂದು ಗೇಣು ಬಿಟ್ಟಿರುವುದನ್ನು ಕೇಡು ಎಂದು ನೀವು ಭಾವಿಸಿದ್ದೀರಿ. ನನಗೆ ಅದು ಸಮಾಧಾನದ ಸಂಗತಿ. ಈ ವಾದ್ಯಗಳ ಹಲಗೆಗಳನ್ನು ಪಕ್ಕೆಗೆ ಅಂಟಿಸುವುದು ಪ್ರಾಣಿಗಳ ಚರ್ಮದಿಂದ ಕಾಯಿಸಿದ ಸರೇಸಿನಿಂದ. ಮರ ಕುಗ್ಗಿ ಎಳೆದಾಗ ಹಲಗೆ ಸೀಳುವ ಬದಲು ಅಂಟು ಬಿಡಲಿ ಎಂದೇ ಅದನ್ನು ತೆಳುವಾಗಿ ಹಚ್ಚಿರುತ್ತಾರೆ, ಬಿಟ್ಟ ಅಂಚನ್ನು ಬಿಸಿನೀರಿನಿಂದ ತೊಳೆದು ಮತ್ತೆ ಸರೇಸು ಹಚ್ಚಿ ಹಿಡಿಕೆಗಳಿಂದ ಬಿಗಿದರೆ ಒಂದು ದಿನದ ಕೆಲಸ. ಬಡಗಿಗಳ ಬಿಳಿ ಅಂಟನ್ನು ಮಾತ್ರ ಯಾರೂ ಹಚ್ಚದಂತೆ ನೋಡಿಕೊಳ್ಳಿ. ಹಿಂದೊಮ್ಮೆ ಹಾಗೆ ಅಂಟಿಸಿದ ವಾದ್ಯವೊಂದು ನನ್ನ ಬಳಿಗೆ ಬಂದಿತ್ತು. ಮುಂದಿನ ಬೇಸಿಗೆಯಲ್ಲಿ ಅಂಟು ಬಿಡದೆ ಹಲಗೆಯೇ ಸೀಳಿತ್ತು, ಆ ಅಂಟಿನ ಮೇಲೆ ಸರೇಸು ಹಿಡಿಯದಿರುವುದರಿಂದ ಅದನ್ನು ಕೆರೆದು ತೆಗೆಯಲು ಮೂರು ದಿನ ಹಿಡಿಯಿತು, ಪಕ್ಕೆಯ ಅಂಚೂ ಒಂದಿಷ್ಟು ಹೋಯಿತು. ಮೈಸೂರಿನ ಬೀಟೆ ಮರದ ಕುಸುರಿ ಕೆಲಸದವರ ಕೈ ಈ ರಿಪೇರಿಗೆ ಎಷ್ಟೋ ಸಲ ಒದಗಿದೆ, ಆದರೆ ಮೆರುಗೆಣ್ಣೆಯನ್ನು ಉಜ್ಜಿ ಹೊಸದಾಗಿಸುವ ಅವರ ಉತ್ಸಾಹವನ್ನು ಪಕ್ಕದಲ್ಲಿ ಕೂತು ತಡೆಯಬೇಕು.

ನೋಡಲು ಹೋಗುವಾಗ ಮೊಬೈಲ್ ಟಾರ್ಚ್ ಮತ್ತು ಒಂದು ಉಕ್ಕಿನ ಸ್ಕೇಲು ಒಯ್ಯಿರಿ. ಮುಂಬದಿಯ ರಂಧ್ರದಿಂದ ಬೆಳಕು ಬಿಟ್ಟು, ತೆಳು ತಂತಿಯ ಕಡೆ ಕುದುರೆಯ ಪಾದದ ಹಿಂದೆ ಸೌಂಡ್ ಪೋಸ್ಟ್ ಎಂಬ ಮರದ ಕಡ್ಡಿ ನಿಂತಿದೆಯೇ ನೋಡಿ. ಅದು ಬಿದ್ದಿದ್ದರೆ ಶ್ರುತಿ ಏರಿಸಲು ಯಾರಿಗೂ ಬಿಡಬೇಡಿ, ಮುಂಬದಿಯ ಹಲಗೆ ಕುಸಿಯಬಹುದು. ಕಡ್ಡಿ ಬಿದ್ದಿರುವುದು ದೊಡ್ಡ ದೋಷವಲ್ಲ. ಆದರೆ ಅದು ಒತ್ತುವ ಜಾಗದಲ್ಲಿ ಹಲಗೆಗೆ ಬಿರುಕಿದ್ದರೆ ಹಲಗೆ ಬಿಚ್ಚಿ ಒಳಗೆ ತೇಪೆ ಕೂರಿಸಬೇಕು, ಆ ಖರ್ಚು ವಾದ್ಯದ ಬೆಲೆಯನ್ನೇ ಮುಟ್ಟುತ್ತದೆ. ದಪ್ಪ ತಂತಿಯ ಕಡೆ ಒಳಗೆ ಉದ್ದಕ್ಕೆ ಅಂಟಿಸಿರುವ ಬೇಸ್ ಬಾರ್ ಬಿಟ್ಟಿದ್ದರೂ ಅಷ್ಟೇ. ಕತ್ತು ಮೈಗೆ ಸೇರುವಲ್ಲಿ ಹೆಬ್ಬೆರಳಿಟ್ಟು ಕತ್ತನ್ನು ಮೆಲ್ಲಗೆ ಅಲುಗಿಸಿ. ಕೂದಲೆಳೆಯಷ್ಟು ಸಂದು ತೆರೆದು ಮುಚ್ಚಿದರೂ ತಂತಿ ಎತ್ತರವಾಗಿರುವ ಕಾರಣ ಅಲ್ಲಿದೆ ಎಂದು ತಿಳಿಯಿರಿ. ಕತ್ತು ಗಟ್ಟಿಯಾಗಿದ್ದರೆ ಕುದುರೆಯನ್ನು ತಗ್ಗಿಸಿದರೆ ಸಾಕು. ಬೆರಳುಹಲಗೆಯ ಕೊನೆಯಲ್ಲಿ ತೆಳು ತಂತಿ 5–6, ದಪ್ಪ ತಂತಿ 8–9 ಮಿಲಿಮೀಟರ್ ಎತ್ತರಕ್ಕೆ ಬರುವಂತೆ ಕೇಳಿ. ತಂಬೂರಿಯಲ್ಲಿ ಜೀವಾಳ ಎಂದು ಬಯಸುವ ಝೇಂಕಾರ ಇಲ್ಲಿ ಬೆರಳುಹಲಗೆಯ ಉಬ್ಬು ತಗ್ಗನ್ನು ಹೇಳುತ್ತದೆ, ಅದನ್ನು ತೋಪಡಾ ಹಿಡಿದು ಸಮಮಾಡಿಸಬಹುದು.

ಅರಮನೆಯ ಹೆಸರಿನ ಬಗ್ಗೆ ಒಂದು ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯವೃಂದವಿತ್ತು. ಜಯಚಾಮರಾಜ ಒಡೆಯರಂತೂ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ಹಾಗಾಗಿ ಮಾತು ಅಸಂಭವವಲ್ಲ. ಆದರೆ ಮೈಸೂರಿನಲ್ಲಿ ಮಾರಾಟಕ್ಕೆ ಬರುವ ಹಳೆಯ ಪಿಟೀಲು, ಗೋಡೆ ಗಡಿಯಾರ, ಕುರ್ಚಿ ಎಲ್ಲವೂ ಅರಮನೆಯಿಂದಲೇ ಬಂದವು; ದಾಖಲೆ ತೋರಿಸದ ಹೊರತು ಆ ಹೆಸರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಚಿನಲ್ಲಿ ಮರದ ಪದರಗಳು ಕಂಡರೆ ಅದು ಪ್ಲೈವುಡ್‌ನದು. ಬೆಲೆ ಇಳಿಸಲು ಅದು ಕಾರಣವಾದೀತು, ಬಿಟ್ಟುಬರಲು ಅಲ್ಲ; ಊರೂರು ಅಲೆಯುವ ವಾದ್ಯಕ್ಕೆ ಕಡೆದ ಮರಕ್ಕಿಂತ ಪ್ಲೈವುಡ್ಡೇ ಹೆಚ್ಚು ಬಾಳುತ್ತದೆ.

ರಸಮಂಜರಿಗೆ ಅದು ಒದಗೀತೇ ಎಂಬುದು ಉಳಿಯಿತು. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಿಸಲೆಂದು ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು; ಗಿಟಾರು, ಡ್ರಮ್ಮುಗಳ ನಡುವೆ ಮುಳುಗಿಹೋಗುತ್ತಿದ್ದ ಡಬಲ್ ಬೇಸ್‌ಗೆ ಬದಲಾಗಿ ಲಿಯೋ ಫೆಂಡರ್ 1951ರಲ್ಲಿ ಫ್ರೆಟ್ ಇರುವ ವಿದ್ಯುತ್ ಬೇಸ್ ಮಾರುಕಟ್ಟೆಗೆ ತಂದರು. ನಿಮ್ಮ ವೇದಿಕೆಯಲ್ಲಿ ಆ ಹಳೆಯ ತೊಂದರೆ ಇಂದಿಗೂ ಇದೆ. ಡಬಲ್ ಬೇಸ್‌ನ ಪೊಳ್ಳು ಮೈ 60 ಹರ್ಟ್ಸ್‌ನ ಆಸುಪಾಸಿನಲ್ಲಿಯೂ, ಮುಂಬದಿಯ ಹಲಗೆ 100ರ ಆಸುಪಾಸಿನಲ್ಲಿಯೂ ತಾನಾಗಿ ಅನುರಣಿಸುತ್ತದೆ. ವೇದಿಕೆಯ ಮುಂದೆ ಪೇರಿಸಿದ ಸಬ್ ವೂಫರ್‌ಗಳು ಹೊರಹಾಕುವುದೂ ಅದನ್ನೇ, ಆದ್ದರಿಂದ ಪಿಕಪ್ ಹಾಕಿದ ಕೂಡಲೇ ಊಳಿಡಲು ಆರಂಭಿಸುತ್ತದೆ. ಕುದುರೆಗೆ ಸಿಕ್ಕಿಸುವ, ಅದರ ಅದುರನ್ನು ಹಿಡಿಯುವ ಪೀಜೋ ಪಿಕಪ್, ಕನಿಷ್ಠ 1 ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪ್ (ಮಿಕ್ಸರಿಗೆ ಮುನ್ನ ಸಂಕೇತವನ್ನು ಹದಗೊಳಿಸುವ ಪೆಟ್ಟಿಗೆ), ಅದರಲ್ಲಿ 40–50 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುವ ಫಿಲ್ಟರ್ ಮತ್ತು ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿ, ರಂಧ್ರಗಳಿಗೆ ಸ್ಪಂಜು ಇಷ್ಟು ಇದ್ದರೆ ಸಣ್ಣ ಸಭಾಂಗಣದಲ್ಲಿ, ಚರ್ಚಿನ ಗಾಯನದಲ್ಲಿ, ಭಾವಗೀತೆಗಳ ಕಛೇರಿಯಲ್ಲಿ ಅದು ಸೊಗಸಾಗಿ ನಿಲ್ಲುತ್ತದೆ. ಪೀಜೋವನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿದರೆ ಮೂಗಿನಿಂದ ಮಾತಾಡಿದಂತೆ ಕೇಳುತ್ತದೆ. ಜಾತ್ರೆಯ ವೇದಿಕೆಗೆ ನಿಮ್ಮ ಬೇಸ್ ಗಿಟಾರೇ ಸರಿ.

ಹೀಗಾಗಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಫ್ರೆಟ್ ಇಲ್ಲದ ಬೇಸ್ ಗಿಟಾರ್ ಒಂದನ್ನು ಕೊಂಡು ಕಿವಿಯನ್ನು ಪಳಗಿಸಿಕೊಳ್ಳುವುದು ಎಲ್ಲಕ್ಕಿಂತ ಅಗ್ಗ, ನಾದ ಮಾತ್ರ ಪೂರ್ತಿ ಡಬಲ್ ಬೇಸ್‌ನದಲ್ಲ. ಮೈಯಿಲ್ಲದ ಕಡ್ಡಿಯಂಥ ವಿದ್ಯುತ್ ಡಬಲ್ ಬೇಸ್ ಊಳಿಡುವುದಿಲ್ಲ, ಬಸ್ಸಿನಲ್ಲಿಯೂ ಹೋಗುತ್ತದೆ, ಆದರೆ ಕರೆಂಟು ಹೋದರೆ ಮೂಕ. ಮೂರನೆಯದು ಈ ಹಳೆಯ ವಾದ್ಯ. ಇದನ್ನು ಲೆಕ್ಕ ಹಾಕುವಾಗ 60,000ಕ್ಕೆ ರಿಪೇರಿ, ಕಮಾನು, ಪಿಕಪ್, ಪ್ರೀಆಂಪ್, ಚೀಲ ಸೇರಿಸಿ. ಒಳ್ಳೆಯ ತಂತಿಗಳ ಒಂದು ಸೆಟ್‌ನ ಬೆಲೆಗೇ ಆರಂಭಿಕರ ಬೇಸ್ ಗಿಟಾರ್ ಒಂದು ಬರುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಇರುವ ಗಿಟಾರನ್ನೂ ವೇದಿಕೆಯನ್ನೂ ಸರಿಪಡಿಸಿಕೊಂಡು, ಕೈ ವಾಸಿಯಾದ ಮೇಲೆ, ಹುಳುವೂ ಸೌಂಡ್ ಪೋಸ್ಟ್‌ನ ಬಿರುಕೂ ಇಲ್ಲವೆಂದು ಖಚಿತವಾದರೆ, 40,000ದ ಒಳಗೆ ಮಾತು ಮುಗಿಸಲು ನೋಡುತ್ತಿದ್ದೆ.

ಕೊಂಡರೆ ಮಂಡ್ಯಕ್ಕೆ ಒಯ್ಯುವ 45 ಕಿಲೋಮೀಟರ್ ದಾರಿಯಲ್ಲಿ ಅದನ್ನು ಅಂಗಾತ ಮಲಗಿಸಬೇಡಿ. ಕಾರಿನ ಮುಂದಿನ ಸೀಟು ಬಾಗಿಸಿ, ಪಕ್ಕೆಯ ಮೇಲೆ, ಕುದುರೆಗೆ ಏನೂ ತಾಗದಂತೆ ಕಂಬಳಿಯ ಮೇಲಿಡಿ. ತಂತಿಗಳನ್ನು ಅರ್ಧ ಸ್ವರದಷ್ಟು ಮಾತ್ರ ಇಳಿಸಿ, ಪೂರ್ತಿ ಸಡಿಲಿಸಿದರೆ ಸೌಂಡ್ ಪೋಸ್ಟ್ ಬಿದ್ದುಹೋಗುತ್ತದೆ. ಹೊರಡುವುದು ಬೆಳಗಿನ ಆರು ಗಂಟೆಗಾಗಲಿ, ತಿಂಡಿಗೆಂದು ಶ್ರೀರಂಗಪಟ್ಟಣದಲ್ಲಿ ನಿಲ್ಲಿಸಿದರೆ ಕಾರು ನೆರಳಿನಲ್ಲಿರಲಿ, ಮನೆ ತಲುಪಿದ ಮೇಲೆ ಚೀಲದ ಜಿಪ್ಪನ್ನು ಒಂದೆರಡು ಗಂಟೆ ಬಿಟ್ಟು ತೆಗೆಯಿರಿ.